ಆರು ಗಂಟೆಗೆ ಬಂದ ಫೋನು

ಹೋದ ಏಪ್ರಿಲ್‌ನಲ್ಲಿ ಶಿವಮೊಗ್ಗದ ನಮ್ಮ ಮನೆ ಫ್ರಿಜ್ ಕೆಟ್ಟಿತು. ಅದರಲ್ಲೇನು ವಿಶೇಷ, ಫ್ರಿಜ್ ಅಂದ್ಮೇಲೆ ಒಂದಲ್ಲ ಒಂದಿನ ಕೆಡುತ್ತೆ ಅಂತೀರಾ? ನಿಜ. ಆದರೆ ನಮ್ಮನೆ ಫ್ರಿಜ್‌ನಲ್ಲಿ ಹಾಲು, ಮೊಸರು, ದೋಸೆ ಹಿಟ್ಟಿನ ಜೊತೆ ಅಪ್ಪನ ಇನ್ಸುಲಿನ್ ಕೂಡ ಇರುತ್ತೆ. ಇನ್ನೂ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಅಪ್ಪ ಹಿಂದಿನ ವಾರವಷ್ಟೇ ಎರಡು ತಿಂಗಳಿಗಾಗುವಷ್ಟು ತಂದಿಟ್ಟಿದ್ದರು. ಹೊರಗೆ ಸುಡುಬಿಸಿಲು. ಪಕ್ಕದ ಮನೆಯವರು ಮಕ್ಕಳಿಗೆ ರಜೆ ಅಂತ ಊರಿಗೆ ಹೋಗಿ ಬೀಗ ಹಾಕಿದ್ದರು.

ಅಮ್ಮ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಳು. ಅದನ್ನು ಒತ್ತಿ, ಇದನ್ನು ಒತ್ತಿ, ಸಂಗೀತ ಕೇಳಿ, ಕೊನೆಗೊಬ್ಬಳು ಹುಡುಗಿ ಸಿಕ್ಕಳು. ಬಹಳ ನಯವಾದ ಮಾತು. "ನಿಮಗಾದ ತೊಂದರೆಗೆ ಕ್ಷಮೆ ಇರಲಿ ಮೇಡಂ, 48 ಗಂಟೆಯೊಳಗೆ ನಮ್ಮ ಟೆಕ್ನೀಷಿಯನ್ ನಿಮ್ಮನ್ನು ಸಂಪರ್ಕಿಸುತ್ತಾರೆ" ಅಂದಳು. ಉದ್ದದ ಕಂಪ್ಲೇಂಟ್ ನಂಬರ್ ಕೊಟ್ಟಳು. ಅಮ್ಮ ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಳು. ಇನ್ಸುಲಿನ್ನನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮಣ್ಣಿನ ಮಡಕೆಯೊಳಗಿಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿದಳು. ಗಂಟೆಗೊಮ್ಮೆ ಬಟ್ಟೆಗೆ ನೀರು ಚಿಮುಕಿಸೋದು ಅಪ್ಪನ ಕೆಲಸ.

ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ಮೆಸೇಜ್ ಬಂತು. ನಿಮ್ಮ ದೂರನ್ನು ಪರಿಹರಿಸಲಾಗಿದೆ ಅಂತ!

ಮತ್ತೆ ಫೋನ್. ಈ ಸಲ ಬೇರೆ ಹುಡುಗಿ. ಅಮ್ಮ ಮೊದಲಿನಿಂದ ಪುರಾಣ ಹೇಳಿದಳು. "ಆ ಕಂಪ್ಲೇಂಟ್ ಕ್ಲೋಸ್ ಆಗಿದೆ ಮೇಡಂ, ಹೊಸದಾಗಿ ಬುಕ್ ಮಾಡ್ತೀನಿ" ಅಂತ ಉತ್ತರ. "ಕ್ಲೋಸ್ ಆಗಿರೋದು ಫ್ರಿಜ್ ಕಣಮ್ಮ" ಅಂದಳಂತೆ ಅಮ್ಮ.

ಕೊನೆಗೆ ಅಮ್ಮ ಆಟೋ ಹತ್ತಿ, ಎರಡು ವರ್ಷದ ಹಿಂದೆ ಫ್ರಿಜ್ ತಗೊಂಡಿದ್ದ ಅಂಗಡಿಗೇ ಹೋದಳು. ಮಾಲೀಕರು ಇರಲಿಲ್ಲ. ಕೌಂಟರಿನಲ್ಲಿ ಇಪ್ಪತ್ತೆರಡು, ಇಪ್ಪತ್ಮೂರರ ಒಬ್ಬ ಹುಡುಗ ಇದ್ದ. ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವನು ಕೇಳಿದ ಮೊದಲ ಪ್ರಶ್ನೆ ಬಿಲ್ ಎಲ್ಲಿ, ವಾರಂಟಿ ಇದೆಯಾ ಅಂತ ಅಲ್ಲ. "ಒಳಗೆ ಕೆಡೋ ಸಾಮಾನು ಏನಾದ್ರೂ ಇದೆಯಾ ಅಮ್ಮಾ?" ಅಂದ. ಇನ್ಸುಲಿನ್ ವಿಷಯ ಗೊತ್ತಾದ ತಕ್ಷಣ, "ಅದನ್ನ ಮೊದಲು ತಂದುಬಿಡಿ, ಅಂಗಡಿ ಹಿಂದೆ ನಾವು ನೀರಿನ ಬಾಟಲಿ ಇಡೋ ಫ್ರಿಜ್ ಇದೆ, ಅದರಲ್ಲಿ ಇಡೋಣ. ಮಿಕ್ಕಿದ್ದು ನಾನು ನೋಡ್ಕೋತೀನಿ. ಸಂಜೆ ಆರು ಗಂಟೆಗೆ ಫೋನ್ ಮಾಡ್ತೀನಿ" ಅಂದ.

ಸಂಜೆ ಆರಕ್ಕೆ ಸರಿಯಾಗಿ ಫೋನ್ ಬಂತು. ಅಮ್ಮ ಆಸೆಯಿಂದ ಎತ್ತಿದಳು.

"ಅಮ್ಮಾ, ಇನ್ನೂ ಏನೂ ಆಗಿಲ್ಲ. ಕಂಪನಿ ಸರ್ವಿಸ್‌ನವರು ಸಾಗರದ ಕಡೆ ಹೋಗಿದ್ದಾರಂತೆ. ಆದ್ರೆ ಆರಕ್ಕೆ ಫೋನ್ ಮಾಡ್ತೀನಿ ಅಂದಿದ್ನಲ್ಲ, ಅದಕ್ಕೇ ಮಾಡಿದೆ. ನಾಳೆ ಹನ್ನೊಂದಕ್ಕೆ ಮತ್ತೆ ಹೇಳ್ತೀನಿ."

ಮಾರನೇ ದಿನ ಹನ್ನೊಂದಕ್ಕೆ ಫೋನ್ ಬಂತು, ಮಧ್ಯಾಹ್ನ ಮೂರಕ್ಕೆ ಟೆಕ್ನೀಷಿಯನ್ ಬಂದ. ಕಂಪ್ರೆಸರ್‌ನ ರಿಲೇ ಹೋಗಿತ್ತು. ಇಪ್ಪತ್ತು ನಿಮಿಷದ ಕೆಲಸ, ಮುಗೀತು.

ಅಮ್ಮ ಈಗಲೂ ಬಂದವರಿಗೆಲ್ಲ ಈ ಕಥೆ ಹೇಳ್ತಾಳೆ. ಗಮನಿಸಿದ್ದೀನಿ, ರಿಪೇರಿ ಮಾಡಿದ ಟೆಕ್ನೀಷಿಯನ್ ಬಗ್ಗೆ ಒಂದು ಸಾಲು ಮಾತ್ರ ಇರುತ್ತೆ. ಆರು ಗಂಟೆಗೆ ಬಂದ ಫೋನಿನ ಬಗ್ಗೆ ಹತ್ತು ನಿಮಿಷ ಮಾತಾಡ್ತಾಳೆ. ವಿಚಿತ್ರ ಅಂದ್ರೆ ಆ ಫೋನಿನಲ್ಲಿ ಸುದ್ದಿಯೇ ಇರಲಿಲ್ಲ!

ಫೋನಿನ ಈ ತುದಿಯಲ್ಲಿ ನಾನು

ಆ ಕಥೆ ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಚುರುಕ್ ಅನ್ನುತ್ತೆ. ಯಾಕಂದ್ರೆ ನಯವಾಗಿ ಮಾತಾಡಿ 48 ಗಂಟೆ ಅಂತ ಹೇಳ್ತಿದ್ದ ಹುಡುಗಿ ಒಂದು ಕಾಲದಲ್ಲಿ ನಾನೇ.

2021ರ ಕೊನೆ. ಬೆಂಗಳೂರಿನಲ್ಲಿ ಒಂದು ಬ್ಯಾಂಕಿನ ಪರವಾಗಿ ಕರೆ ತಗೊಳ್ಳುವ ಕಂಪನಿಯಲ್ಲಿ ಕೆಲಸ ಮಾಡ್ತಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕೂತರೆ ದಿನಕ್ಕೆ ಎಂಬತ್ತು ಕರೆ. ಪ್ರತಿ ಕರೆಗೂ ಸ್ಕ್ರೀನಿನ ಮೂಲೆಯಲ್ಲಿ ಒಂದು ಗಡಿಯಾರ ಓಡುತ್ತೆ. ನಾಲ್ಕು ನಿಮಿಷದವರೆಗೆ ಹಸಿರು, ಆಮೇಲೆ ಹಳದಿ, ಐದು ದಾಟಿದರೆ ಕೆಂಪು. ತಿಂಗಳ ಕೊನೆಗೆ ಕೆಂಪು ಜಾಸ್ತಿ ಇದ್ದರೆ ಇನ್ಸೆಂಟಿವ್ ಹೋಯ್ತು ಅಂತಲೇ ಲೆಕ್ಕ.

ಒಂದಿನ ಬಾಗಲಕೋಟೆ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. ಎಟಿಎಂನಲ್ಲಿ ನಾಲ್ಕು ಸಾವಿರ ತೆಗೆಯೋಕೆ ಹೋಗಿದ್ದಾರೆ. ಹಣ ಬಂದಿಲ್ಲ, ಖಾತೆಯಿಂದ ಮಾತ್ರ ಕಡಿತ ಆಗಿದೆ. ದೂರು ದಾಖಲಿಸಿದೆ, ನಂಬರ್ ಕೊಟ್ಟೆ, 48 ಗಂಟೆ ಅಂದೆ. ನಡುವೆ ಅವರು ಮತ್ತೊಮ್ಮೆ ಫೋನ್ ಮಾಡಿದ್ದರು, ಬೇರೆ ಯಾರೋ ತಗೊಂಡಿದ್ದರು. ಮೂರನೇ ಸಲ ಮಾಡಿದಾಗ ಕರೆ ಅದೃಷ್ಟವಶಾತ್ ನನಗೇ ಬಂತು. ಅದೃಷ್ಟ ಯಾರದ್ದು ಅಂತ ಕೇಳಬೇಡಿ.

"ಮೊನ್ನಿ ಮಾತಾಡಿದ ಅಕ್ಕಾರ ನೀವ ಏನ್ರೀ?" ಅಂದರು. ದನಿ ಗುರುತು ಹಿಡಿದಿದ್ದರು. ಹೆಂಡತಿಯ ಕಣ್ಣಿನ ಆಪರೇಷನ್‌ಗೆ ಹುಬ್ಬಳ್ಳಿಗೆ ಹೋಗಬೇಕಿತ್ತಂತೆ, ಆ ಹಣಕ್ಕೆ ಕಾಯ್ತಿದ್ದರು.

ಹಣ ಕಡಿತವಾಗಿ ಅವತ್ತಿಗೆ 12 ದಿನ. ನನಗೆ ಒಂದು ನಿಯಮ ಗೊತ್ತಿತ್ತು, ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆ ಪ್ರಕಾರ, ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ಐದು ದಿನದೊಳಗೆ ಬ್ಯಾಂಕೇ ತಾನಾಗಿ ವಾಪಸ್ ಹಾಕಬೇಕು. ತಡವಾದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು, ಗ್ರಾಹಕ ಕೇಳದಿದ್ದರೂ ಕೂಡ. ಅಂದರೆ ಆ ಹಿರಿಯರಿಗೆ ನಾಲ್ಕು ಸಾವಿರದ ಮೇಲೆ ಏಳುನೂರು ರೂಪಾಯಿ ಬರಬೇಕಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ನಮ್ಮ ಸ್ಕ್ರಿಪ್ಟಿನಲ್ಲಿ ಆ ಸಾಲು ಇರಲಿಲ್ಲ, ಗಡಿಯಾರ ಹಳದಿಗೆ ತಿರುಗಿತ್ತು.

"ಯವ್ವಾ, ಯಾವಾಗ ಬರ್ತೈತಿ ಅಷ್ಟ ಹೇಳವಾ. ನಾಳೆ ಅಂದ್ರ ನಾಳೆ, ತಿಂಗಳ ಅಂದ್ರ ತಿಂಗಳ. ಅಷ್ಟರಾಗ ಯಾರ ಕಡಿಂದರೆ ಇಸ್ಕೊಂಡು ಹೋಕ್ಕೀನಿ" ಅಂದರು.

ನಾನು ಮತ್ತೆ 48 ಗಂಟೆ ಅಂದೆ. ನಿಮ್ಮ ತಾಳ್ಮೆಗೆ ಧನ್ಯವಾದ ಅಂದೆ.

ಒಂದು ಕ್ಷಣ ಸುಮ್ಮನಿದ್ದು, "ಆತು ಬಿಡವಾ" ಅಂದು ಫೋನ್ ಇಟ್ಟರು.

ಆ ಕರೆಯನ್ನು ನಮ್ಮ ಕ್ವಾಲಿಟಿ ಟೀಮ್ ಕೇಳಿ ನೂರಕ್ಕೆ 96 ಅಂಕ ಕೊಟ್ಟಿತು. ಶುಭಾಶಯ ಹೇಳಿದ್ದೆ, ಹೆಸರು ಹಿಡಿದು ಮಾತಾಡಿಸಿದ್ದೆ, ಎರಡು ಸಲ ಕ್ಷಮೆ ಕೇಳಿದ್ದೆ, ಸಮಯದೊಳಗೆ ಮುಗಿಸಿದ್ದೆ. ಅವರಿಗೆ ಹಣ ಬಂತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಅಂಕಣ ಓದುವವರಲ್ಲಿ ತುಂಬಾ ಜನ ಈಗ ಇಂಥದ್ದೇ ಕುರ್ಚಿಯಲ್ಲಿ ಕೂತಿರ್ತೀರಿ. ಬ್ಯಾಂಕು, ಆಸ್ಪತ್ರೆಯ ರಿಸೆಪ್ಷನ್, ಸಾಫ್ಟ್‌ವೇರ್ ಸಪೋರ್ಟ್, ಮನೆಯಿಂದಲೇ ಸೀರೆ ಮಾರುವ ಇನ್‌ಸ್ಟಾಗ್ರಾಮ್ ಪೇಜು. ಅದಕ್ಕೇ ಇವತ್ತು ಇದನ್ನು ಬರೀತಿದ್ದೀನಿ.

ಗೊತ್ತಿಲ್ಲದೆ ಕಾಯುವ ಕಷ್ಟ

ಬಸ್ ಸ್ಟಾಪಿನಲ್ಲಿ ಬಸ್ಸು ಇಪ್ಪತ್ತು ನಿಮಿಷಕ್ಕೆ ಬರುತ್ತೆ ಅಂತ ಗೊತ್ತಿದ್ದರೆ ಆರಾಮಾಗಿ ಟೀ ಕುಡಿದು ಬರ್ತೀವಿ. ಯಾವಾಗ ಬರುತ್ತೋ ಅಂತಿದ್ದರೆ ಹತ್ತು ನಿಮಿಷವೂ ಕುತ್ತಿಗೆ ಉದ್ದ ಮಾಡಿಕೊಂಡು ರಸ್ತೆ ನೋಡ್ತಾ ನಿಂತಿರ್ತೀವಿ. ಡೇವಿಡ್ ಮೈಸ್ಟರ್ ಎಂಬ ಮ್ಯಾನೇಜ್‌ಮೆಂಟ್ ತಜ್ಞರು 1985ರಲ್ಲಿ ಸರದಿ ಸಾಲಿನಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಒಂದು ಲೇಖನ ಬರೆದಿದ್ದರು. ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ಉದ್ದ ಅನ್ನಿಸುತ್ತೆ, ಯಾಕೆ ತಡ ಅಂತ ಹೇಳದಿದ್ದರೆ ಇನ್ನೂ ಉದ್ದ ಅನ್ನಿಸುತ್ತೆ ಅನ್ನೋದು ಅದರ ಸಾರ. ಸರ್ವಿಸ್ ಬಗ್ಗೆ ಓದುವವರು ಇಂದಿಗೂ ಅದನ್ನು ಓದ್ತಾರೆ.

ಬಾಗಲಕೋಟೆಯ ಹಿರಿಯರು ಕೇಳಿದ್ದೂ ಅದನ್ನೇ. ತಿಂಗಳಾದರೂ ಪರವಾಗಿಲ್ಲ, ಹೇಳಿ. ದಿನ ಗೊತ್ತಾದರೆ ಅವರು ತಮ್ಮ ದಾರಿ ನೋಡಿಕೊಳ್ಳುತ್ತಿದ್ದರು. ನಾನು ಕೊಟ್ಟ 48 ಗಂಟೆಗೆ ಅರ್ಥವೇ ಇರಲಿಲ್ಲ, ಅದು ಎಲ್ಲರಿಗೂ ಕೊಡುವ ಉತ್ತರ. ಅಂಗಡಿ ಹುಡುಗ ಹೇಳಿದ ಆರು ಗಂಟೆ ನಮ್ಮಮ್ಮನಿಗೆ ಅಂತಲೇ ಕೊಟ್ಟ ಸಮಯ.

ಸರ್ಕಾರಿ ಕಚೇರಿಗಳಲ್ಲೂ ಇದೇ ಯೋಚನೆ ಮೇಲೆ ಒಂದು ಕಾನೂನು ಬಂದಿದೆ ನೋಡಿ. ನಮ್ಮ ರಾಜ್ಯದ ಸಕಾಲ. 2011ರಲ್ಲಿ ಕಾಯ್ದೆ ಆಗಿ, 2012ರಲ್ಲಿ ಜಾರಿಗೆ ಬಂತು. ಅರ್ಜಿ ಕೊಟ್ಟ ಕೂಡಲೇ ಒಂದು ನಂಬರ್, ಎಷ್ಟು ದಿನದೊಳಗೆ ಕೆಲಸ ಆಗಬೇಕು ಅನ್ನುವ ಗಡುವು. ಗಡುವು ಮೀರಿದರೆ ಅರ್ಜಿದಾರ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಹಣ ಸಣ್ಣದೇ. ಆದರೆ ಅದು ತಡ ಮಾಡಿದ ಅಧಿಕಾರಿಯ ತಲೆ ಮೇಲೆ ಬರುತ್ತೆ. ಕೆಲಸಕ್ಕೆ ಒಂದು ದಿನ, ಒಬ್ಬ ಹೊಣೆಗಾರ ಅಂತ ಗೊತ್ತುಮಾಡಿದ್ದು ದೊಡ್ಡ ವಿಷಯ. ಖಾಸಗಿ ಕಂಪನಿಗಳಲ್ಲಿ ಕಂಪ್ಲೇಂಟ್ ನಂಬರ್ ಏನೋ ಸಿಗುತ್ತೆ, ಅದರ ಹಿಂದೆ ಯಾರಿದ್ದಾರೆ ಅನ್ನೋದು ಮಾತ್ರ ಗೊತ್ತಾಗಲ್ಲ.

ಕೈ ಕಟ್ಟಿ ಹಾಕಿ ಈಜು ಅಂದರೆ?

ಇಲ್ಲಿ ಕಸ್ಟಮರ್ ಕೇರ್ ಹುಡುಗಿಯರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅಂಗಡಿ ಹುಡುಗನಿಗೂ ಅವರಿಗೂ ಒಳ್ಳೆತನದಲ್ಲಿ ವ್ಯತ್ಯಾಸ ಇರಲಿಲ್ಲ. ಅವನ ಹತ್ತಿರ ಸರ್ವಿಸ್‌ನವರ ನಂಬರ್ ಇತ್ತು, ಹಿಂದೆ ಒಂದು ಫ್ರಿಜ್ ಇತ್ತು, ಯಾರನ್ನೂ ಕೇಳದೆ ಅದರಲ್ಲಿ ಬೇರೆಯವರ ಇನ್ಸುಲಿನ್ ಇಡುವ ಸ್ವಾತಂತ್ರ್ಯ ಇತ್ತು. ಆ ಹುಡುಗಿಯರ ಹತ್ತಿರ ಇದ್ದದ್ದು ಒಂದು ಸ್ಕ್ರೀನು, ಒಂದು ಗಡಿಯಾರ.

ರಿಟ್ಜ್ ಕಾರ್ಲ್‌ಟನ್ ಹೋಟೆಲ್ ಸಮೂಹದಲ್ಲಿ ಒಂದು ಹೆಸರಾದ ಪದ್ಧತಿ ಇದೆ. ಅತಿಥಿಯ ತೊಂದರೆ ಸರಿಪಡಿಸೋಕೆ ಯಾವ ಸಿಬ್ಬಂದಿಯೇ ಆಗಲಿ, ಮ್ಯಾನೇಜರ್ ಒಪ್ಪಿಗೆ ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು. ದಿನಾ ಯಾರೂ ಅಷ್ಟು ಖರ್ಚು ಮಾಡಲ್ಲ ಬಿಡಿ. ಆದರೆ ರೂಮು ಕ್ಲೀನ್ ಮಾಡುವವರಿಗೂ "ನಿನ್ನ ಮೇಲೆ ನಂಬಿಕೆ ಇದೆ" ಅಂತ ಹೇಳಿದ ಹಾಗಾಯ್ತಲ್ಲ! ನಮ್ಮ ಸಣ್ಣ ವ್ಯಾಪಾರಕ್ಕೆ ಡಾಲರ್ ಬೇಡ. "ಐನೂರು ರೂಪಾಯಿ ತನಕ ನೀನೇ ತೀರ್ಮಾನ ಮಾಡು, ಆಮೇಲೆ ನನಗೆ ಹೇಳು" ಅಂದರೆ ಸಾಕು. ಕೆಲಸದ ಹುಡುಗ "ಓನರ್ ಬಂದ ಮೇಲೆ ಬನ್ನಿ" ಅನ್ನೋದು ಅವತ್ತಿಗೇ ನಿಲ್ಲುತ್ತೆ.

ಇನ್ನೊಂದು ವಿಷಯ. ಸರ್ವಿಸ್ ಅಂದರೆ ಬೈಸಿಕೊಳ್ಳುವುದು ಅಲ್ಲ. ಗ್ರಾಹಕರೇ ದೇವರು ಅಂತ ಬೋರ್ಡ್ ಹಾಕಿದ ಅಂಗಡಿಯಲ್ಲೇ ಕೆಲಸದವರನ್ನು ಏಕವಚನದಲ್ಲಿ ಬೈಯುವ ದೇವರುಗಳನ್ನು ನೋಡಿದ್ದೀನಿ. ಅಂಥವರ ಮುಂದೆ ತನ್ನ ಸಿಬ್ಬಂದಿ ಪರ ನಿಲ್ಲದ ಮಾಲೀಕನ ಅಂಗಡಿಯಲ್ಲಿ ಯಾರೂ ಮನಸ್ಸಿಟ್ಟು ಕೆಲಸ ಮಾಡಲ್ಲ.

ಚಕ್ಕುಲಿ ಪುಡಿಯಾದಾಗ

ತಪ್ಪೇ ಆಗದ ವ್ಯಾಪಾರ ಇಲ್ಲ. ತಪ್ಪಾದಾಗ ಏನು ಮಾಡ್ತೀವಿ ಅನ್ನೋದಕ್ಕೆ ನನ್ನ ಚಿಕ್ಕಮ್ಮನ ಮಗಳ ಉದಾಹರಣೆ ಹೇಳ್ತೀನಿ. ಅವಳು ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ ಚಕ್ಕುಲಿ, ಕೋಡುಬಳೆ, ಹಲಸಿನ ಹಪ್ಪಳ ಮಾಡಿ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಬೆಂಗಳೂರಿಗೆ ಕಳಿಸ್ತಾಳೆ. ಹೋದ ವರ್ಷ ಗೌರಿ ಹಬ್ಬದ ಹಿಂದಿನ ವಾರ ಹದಿನಾಲ್ಕು ಪಾರ್ಸೆಲ್ ಕೊಟ್ಟಿದ್ದಳು. ಕೊರಿಯರ್‌ನವರ ಗೋಡೌನಿನಲ್ಲಿ ಮಳೆ ನೀರು ನುಗ್ಗಿ ಪೂರ್ತಿ ಲೋಡು ನಿಂತುಹೋಯ್ತು.

ಅವಳಿಗೆ ಗೊತ್ತಾದಾಗ ಹಬ್ಬಕ್ಕೆ ಮೂರು ದಿನ. ಗ್ರಾಹಕರು ಇನ್ನೂ ಕೇಳಿರಲಿಲ್ಲ. ಸುಮ್ಮನಿದ್ದರೆ ಎರಡು ದಿನ ದೂಡಬಹುದಿತ್ತು, ಆಮೇಲೆ ಕೊರಿಯರ್‌ನವರ ಮೇಲೆ ಹಾಕಬಹುದಿತ್ತು. ಅವಳು ಅತ್ತಳು, ಮುಖ ತೊಳೆದಳು, ಆಮೇಲೆ ಹದಿನಾಲ್ಕು ಜನಕ್ಕೂ ಒಬ್ಬೊಬ್ಬರಾಗಿ ಫೋನ್ ಮಾಡಿದಳು.

"ಅಕ್ಕಾ, ನಿಮ್ಮ ಪಾರ್ಸೆಲ್ ನೀರಲ್ಲಿ ಸಿಕ್ಕಿಬಿದ್ದಿದೆ. ಹಬ್ಬಕ್ಕೆ ನಾನು ಮಾಡಿದ್ದು ತಲುಪೋದು ಅನುಮಾನ. ಇವತ್ತು ಹೇಳಿದ್ರೆ ನೀವು ಬೇರೆ ಕಡೆಯಿಂದಾದ್ರೂ ತರಿಸ್ಕೋಬಹುದು ಅಂತ ಫೋನ್ ಮಾಡ್ದೆ. ದುಡ್ಡು ಈಗ್ಲೇ ವಾಪಸ್ ಹಾಕ್ಲಾ, ಇಲ್ಲಾ ಹಬ್ಬ ಆದ್ಮೇಲೆ ಹೊಸದಾಗಿ ಮಾಡಿ ಕಳಿಸ್ಲಾ?"

ಒಬ್ಬರು ಚೆನ್ನಾಗಿ ಬೈದರು. ಮೂವರು ಹಣ ವಾಪಸ್ ಕೇಳಿದರು, ಅವತ್ತೇ ಹಾಕಿದಳು. ಹತ್ತು ಜನ ಆಮೇಲೆ ಕಳಿಸು ಅಂದರು. ಆ ತಿಂಗಳು ಅವಳಿಗೆ ನಷ್ಟವೇ. ಎಣ್ಣೆ, ಅಕ್ಕಿ ಹಿಟ್ಟಿನ ದುಡ್ಡೂ ಹುಟ್ಟಲಿಲ್ಲ. ಎಲ್ಲ ಒಳ್ಳೆಯದೇ ಆಯ್ತು ಅಂತ ಬಣ್ಣ ಕಟ್ಟಿ ಹೇಳಲ್ಲ. ಬೈದವರು ಮತ್ತೆ ಬರಲೇ ಇಲ್ಲ. ಆದರೆ ಹಣ ವಾಪಸ್ ತಗೊಂಡ ಮೂವರಲ್ಲಿ ಇಬ್ಬರು ದೀಪಾವಳಿಗೆ ಮತ್ತೆ ಆರ್ಡರ್ ಕೊಟ್ಟರು. "ನೀನು ಮೊದಲೇ ಹೇಳಿದ್ಯಲ್ಲಮ್ಮ" ಅಂದರಂತೆ.

ಕೆಟ್ಟ ಸುದ್ದಿಯನ್ನು ಗ್ರಾಹಕ ಪತ್ತೆ ಹಚ್ಚುವ ಮೊದಲು ನಾವೇ ಹೇಳಿದರೆ ಅದು ಪ್ರಾಮಾಣಿಕತೆ. ಅವರು ಪತ್ತೆ ಹಚ್ಚಿದ ಮೇಲೆ ಅದೇ ಮಾತು ಸಬೂಬು ಆಗಿಬಿಡುತ್ತೆ.

ಮುಚ್ಚಿಡದೆ ಇರುವುದಕ್ಕೆ ನಮ್ಮಲ್ಲೊಂದು ಹಳೆಯ ಉದಾಹರಣೆ ಇದೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್ ಹೋಟೆಲ್. ಅದನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಬಂದವರೇ ಲೋಟ ತಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ವ್ಯವಸ್ಥೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡು ಊಟಕ್ಕೆ ಹೋಗುವ ಪದ್ಧತಿಗೂ ಆ ಹೋಟೆಲ್ ಹೆಸರಾಯ್ತು. ಅಡುಗೆಮನೆ ಬಾಗಿಲು ತೆರೆದಿಟ್ಟ ಮೇಲೆ ಒಳಗಿನವರು ಕೊಳಕು ಮಾಡೋಕೆ ಆಗಲ್ಲ, ಹೊರಗಿನವರು ಅನುಮಾನಪಡಬೇಕಾಗಿಲ್ಲ. ನಿಮ್ಮ ವ್ಯಾಪಾರಕ್ಕೂ ಒಂದು ಅಡುಗೆಮನೆ ಇರುತ್ತೆ. ಅದನ್ನು ಎಷ್ಟು ತೋರಿಸಬಹುದು ಅಂತ ಯೋಚಿಸಿ. ಆರ್ಡರ್ ಈಗ ಎಲ್ಲಿದೆ, ಯಾಕೆ ನಿಂತಿದೆ, ಯಾರ ಹತ್ತಿರ ಇದೆ ಅಂತ ತಿಳಿಸಿದರೂ ಸಾಕು.

ಆ ಬೋರ್ಡು ತೆಗೆದುಬಿಡಿ

ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. ಈ ಬೋರ್ಡು ನೋಡದವರು ಯಾರು? ಹೊಸದಾಗಿ ವ್ಯಾಪಾರ ಶುರು ಮಾಡುವ ಗೆಳೆಯರೂ ಅದನ್ನು ಬಿಲ್ಲಿನ ಕೆಳಗೆ ಹಾಕಿಸ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೇ. ಗ್ರಾಹಕರಾಗಿ ನಿಮಗೆ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ನಿಮ್ಮ ಖಾತೆಯಿಂದ ಹೋಗಿ ಅವರಿಗೆ ತಲುಪದಿದ್ದರೆ, ಮಾರನೇ ದಿನದೊಳಗೆ ವಾಪಸ್ ಬರಬೇಕು. ಬರದಿದ್ದರೆ ಅಲ್ಲಿಗೂ ದಿನಕ್ಕೆ 100 ರೂಪಾಯಿ ಪರಿಹಾರ ಇದೆ.

ಇಷ್ಟೆಲ್ಲ ಇಲ್ಲಿ ಯಾಕೆ ಹೇಳಿದೆ ಅಂದರೆ, ಗ್ರಾಹಕನಿಗೆ ಬರಬೇಕಾದ ಹಕ್ಕನ್ನು ಅವನು ಕೇಳುವ ಮೊದಲೇ ಹೇಳುವುದು ಸರ್ವಿಸ್‌ನ ಮೊದಲ ಪಾಠ. ನಾನು ಅವತ್ತು ಕಲಿಯದೇ ಹೋದ ಪಾಠ.

ಇಷ್ಟು ಮಾಡಿ ನೋಡಿ

ಈಗ ನಾನು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ಜನರ ಸಪೋರ್ಟ್ ಟೀಮ್ ನೋಡಿಕೊಳ್ತೀನಿ. ನಮ್ಮ ತಪ್ಪುಗಳಿಂದಲೇ ಕಲಿತ ನಾಲ್ಕು ವಿಷಯ ಹೇಳ್ತೀನಿ.

ಒಂದು, ನಮ್ಮ ಶೀಟಿನಲ್ಲಿ ಪ್ರತಿ ದೂರಿನ ಪಕ್ಕ "ಮುಂದಿನ ಫೋನ್ ಯಾವಾಗ?" ಅನ್ನುವ ಒಂದು ಕಾಲಂ ಇದೆ. ಅಲ್ಲಿ ದಿನ, ಗಂಟೆ ಎರಡೂ ಇರಬೇಕು. ಆ ಗಂಟೆಗೆ ಕೆಲಸ ಆಗಿರಲಿ, ಬಿಡಲಿ, ಫೋನ್ ಹೋಗಲೇಬೇಕು.

ಎರಡು, ಒಂದು ದೂರಿಗೆ ಒಬ್ಬರೇ ಹೊಣೆ. ಬೇರೆ ವಿಭಾಗಕ್ಕೆ ಕಳಿಸಬೇಕಾಗಿ ಬಂದರೆ, ಕಳಿಸುವವರೇ ಪೂರ್ತಿ ವಿಷಯ ಬರೆದು ಕೊಡಬೇಕು. ಗ್ರಾಹಕ ಎರಡನೇ ಸಲ ಮೊದಲಿನಿಂದ ಕಥೆ ಹೇಳುವ ಹಾಗಾದರೆ ಅದು ನಮ್ಮ ಸೋಲು ಅಂತ ಲೆಕ್ಕ.

ಮೂರು, "ಆಯ್ತು" ಅಂತ ಗ್ರಾಹಕ ಹೇಳುವ ತನಕ ದೂರು ಕ್ಲೋಸ್ ಮಾಡುವಂತಿಲ್ಲ.

ನಾಲ್ಕು, ಕರೆಗೆ ಗಡಿಯಾರ ಇಲ್ಲ. ಇದನ್ನು ಒಪ್ಪಿಸೋಕೆ ನನಗೆ ಸ್ವಲ್ಪ ಕಷ್ಟವಾಯ್ತು. ಮೊದಲ ತಿಂಗಳು ಕರೆಗಳು ಉದ್ದ ಆದವು, ಬಾಸ್ ಕರೆದು ಕೇಳಿದರು. ಮೂರು ತಿಂಗಳು ಕಾಲಾವಕಾಶ ಕೊಡಿ ಸರ್ ಅಂದೆ. ಅಷ್ಟರಲ್ಲಿ ಒಂದೇ ವಿಷಯಕ್ಕೆ ಎರಡನೇ, ಮೂರನೇ ಸಲ ಬರುವ ಕರೆಗಳು ಕಡಿಮೆಯಾಗಿದ್ದು ಅವರಿಗೇ ಕಾಣಿಸಿತು. ಆಮೇಲೆ ಕೇಳಲಿಲ್ಲ.

ಮೊದಮೊದಲು ನಮ್ಮ ಹುಡುಗರಿಗೆ ಸುದ್ದಿ ಇಲ್ಲದ ಫೋನ್ ಮಾಡೋದು ಅಂದ್ರೆ ಬಹಳ ಸಂಕೋಚ. "ಏನೂ ಆಗಿಲ್ಲ ಅಂತ ಹೇಳೋಕೆ ಫೋನ್ ಮಾಡ್ಬೇಕಾ ಅಕ್ಕಾ? ಬೈಸ್ಕೊಳ್ಳೋಕಾ?" ಅಂತಿದ್ದರು. ನಾನು ಅವರಿಗೆ ಅಮ್ಮನ ಫ್ರಿಜ್ ಕಥೆ ಹೇಳಿದೆ. ಬಾಗಲಕೋಟೆಯ ಹಿರಿಯರ ಕಥೆ ಹೇಳೋಕೆ ಮಾತ್ರ ಇನ್ನೂ ಒಂದು ವರ್ಷ ಬೇಕಾಯ್ತು.

ಹತ್ತಕ್ಕೆ ಎಷ್ಟು?

ಫ್ರಿಜ್ ಸರಿಯಾದ ವಾರದ ನಂತರ ನಾನು ಊರಲ್ಲಿದ್ದಾಗಲೇ ಕಂಪನಿಯಿಂದ ಅಮ್ಮನಿಗೆ ಫೋನ್ ಬಂತು. "ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ ಮೇಡಂ?"

ಅಮ್ಮ ಹಿಂದೆ ಮುಂದೆ ನೋಡದೆ, "ಹತ್ತು ಹಾಕ್ಕೊಳಮ್ಮ" ಅಂದುಬಿಟ್ಟಳು. ಜೊತೆಗೆ "ಊಟ ಆಯ್ತಾ?" ಅಂತಲೂ ಕೇಳಿದಳು.

ನನಗೆ ರೇಗಿಹೋಯ್ತು. "ಮೂರು ದಿನ ಸತಾಯಿಸಿದ್ರಲ್ಲಮ್ಮ! ಹತ್ತು ಯಾಕೆ ಕೊಟ್ಟೆ?"

"ಆ ಮಗು ಏನ್ ಮಾಡಿತ್ತೇ? ಕಮ್ಮಿ ಕೊಟ್ರೆ ಅವರಿಗೆ ಸಿಗೋ ದುಡ್ಡು ಕಟ್ ಆಗುತ್ತೆ ಅಂತ ನೀನೇ ಹೇಳ್ತಿದ್ಯಲ್ಲ ಆಗ" ಅಂದಳು.

ಹಾಗಾಗಿ ಆ ಕಂಪನಿಯ ಲೆಕ್ಕದಲ್ಲಿ ನಮ್ಮಮ್ಮ ಹತ್ತಕ್ಕೆ ಹತ್ತು ಖುಷಿಯಾದ ಗ್ರಾಹಕಿ. ನನ್ನ ಆ ಕರೆಗೆ ಬಂದ 96ರ ಹಾಗೆ. ಅಂಗಡಿ ಹುಡುಗನಿಗೆ ಅಂಕ ಕೊಡಿ ಅಂತ ಯಾರೂ ಫೋನ್ ಮಾಡಲಿಲ್ಲ. ಅವನಿಗೆ ಅಮ್ಮ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಬಂದಳು. ಈಗ ನಮ್ಮ ಬೀದಿಯಲ್ಲಿ ಯಾರೇ ಮಿಕ್ಸಿ, ಟಿವಿ, ವಾಷಿಂಗ್ ಮೆಷೀನ್ ತಗೊಳ್ಳೋ ಮಾತೆತ್ತಿದರೂ ಅಮ್ಮ ಆ ಅಂಗಡಿಗೇ ಕಳಿಸ್ತಾಳೆ. ಮೊನ್ನೆ ಮೇಲಿನ ಮನೆಯವರ ಜೊತೆ ತಾನೇ ಹೋಗಿದ್ದಳಂತೆ.

ನಾಳೆ ಆಫೀಸಿಗೆ ಹೋದಾಗ, ಇಲ್ಲಾ ಅಂಗಡಿ ಬಾಗಿಲು ತೆಗೆದಾಗ ಒಂದು ನಿಮಿಷ ಯೋಚಿಸಿ. "ವಿಚಾರಿಸಿ ಹೇಳ್ತೀನಿ" ಅಂತ ಯಾರಿಗೋ ಹೇಳಿ ಮರೆತಿರ್ತೀರಿ. ಅವರು ಇನ್ನೂ ಕಾಯ್ತಿರ್ತಾರೆ, ಇಲ್ಲಾ "ಆತು ಬಿಡವಾ" ಅಂತ ಕೈಬಿಟ್ಟಿರ್ತಾರೆ. ಒಂದು ಫೋನ್ ಮಾಡಿ. ಹೇಳೋಕೆ ಸುದ್ದಿ ಇಲ್ಲದಿದ್ದರೂ ಪರವಾಗಿಲ್ಲ.